ನರಗುಂದದ ಮುತ್ತಿಗೆ ಮತ್ತು ನೆರೆಯ ದರ್ಬಾರುಗಳು: ೧೭೮೫–೧೭೮೭

ಬಲಿಷ್ಠ ರಾಜ್ಯವೊಂದು ತನ್ನ ಮಗ್ಗುಲಿನ ಸಣ್ಣ ಸಂಸ್ಥಾನದ ಮೇಲೆ ದಂಡೆತ್ತಿ ಹೋದಾಗ ಸುತ್ತಣ ರಾಜ್ಯಗಳು ಏನನ್ನು ಆಡಿದುವು, ಏನನ್ನು ಮಾಡಿದುವು, ಆಡಿದುದಕ್ಕೂ ಮಾಡಿದುದಕ್ಕೂ ನಡುವೆ ಎಷ್ಟು ಕಾಲ ಸಂದಿತು ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕರ್ನಾಟಕದ ಇತಿಹಾಸವನ್ನು ಪರಿಶೀಲಿಸುವವನಿಗೆ, ೧೭೮೫ರ ನರಗುಂದದ ಮುತ್ತಿಗೆಯಷ್ಟು ಸಮರ್ಪಕವಾದ ನಿದರ್ಶನವು ಮತ್ತೊಂದು ದೊರೆಯಲಾರದು. ಮಲಪ್ರಭೆಯ ದಕ್ಷಿಣದ ಎರೆಯ ಸೀಮೆಯಲ್ಲಿ ಒಂಟಿಯಾಗಿ ಎದ್ದು ನಿಂತಿರುವ ನರಗುಂದದ ಗುಡ್ಡದ ಕೋಟೆಯಲ್ಲಿ ಹೊತ್ತಿಕೊಂಡ ಕಲಹವು ಬಾದಾಮಿ, ಆದವಾನಿ, ಸವಣೂರುಗಳವರೆಗೆ ಹಬ್ಬಿ, ಎರಡು ವರ್ಷಗಳ ತರುವಾಯ, ರೋಣದ ಬಯಲಿನ ಆಚೆಗಿರುವ ಗಜೇಂದ್ರಗಡದ ಹೆಸರನ್ನು ಹೊತ್ತ ಕೌಲಿನಿಂದ ಶಮನಗೊಂಡಿತು.

ಈ ಪ್ರಕರಣಕ್ಕೆ ಆಧಾರಗಳ ಕೊರತೆಯಿಲ್ಲ. ಟೀಪೂ ಸುಲ್ತಾನನು ತನ್ನ ಸೇನಾಪತಿಗಳಿಗೂ ವಕೀಲರಿಗೂ ಬರೆಯಿಸಿದ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್‌ನು ೧೮೧೧ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕಿರ್ಮಾನಿಯ ಪಾರಸಿ ಚರಿತ್ರೆಯು ಮೈಸೂರಿನ ಪಕ್ಷದಿಂದಲೂ, ವಿಲ್ಕ್ಸನ ಗ್ರಂಥವು ಇಂಗ್ಲಿಷರ ದೃಷ್ಟಿಯಿಂದಲೂ, ೧೮೨೬ರ ಗ್ರಾಂಟ್ ಡಫ್‌ನ ಗ್ರಂಥವು ಮರಾಠರ ಕಾಗದಪತ್ರಗಳ ಆಧಾರದಿಂದಲೂ ಇದೇ ವೃತ್ತಾಂತವನ್ನು ನಿರೂಪಿಸುತ್ತವೆ. ಇವೆಲ್ಲಕ್ಕೂ ಪೂರಕವಾಗಿ ವಾಸುದೇವಶಾಸ್ತ್ರೀ ಖರೆಯವರು ಸಂಪಾದಿಸಿದ ಪಟವರ್ಧನರ ದಫ್ತರವಿದೆ. ಪ್ರತಿಯೊಂದು ಆಧಾರಕ್ಕೂ ತನ್ನದೇ ಆದ ಪಕ್ಷಪಾತವುಂಟಾದುದರಿಂದ, ಎಲ್ಲವೂ ಒಪ್ಪುವ ಸಂಗತಿಗಳನ್ನೇ ಇಲ್ಲಿ ಮುಖ್ಯವಾಗಿ ಅವಲಂಬಿಸಲಾಗಿದೆ.

ನರಗುಂದವು ಭಾವೆ ಮನೆತನದ ಸಂಸ್ಥಾನ. ಪೇಶವೆಯರ ಆಶ್ರಯದಲ್ಲಿ ಬಾಳಿದುದು. ಪೇಶವೆ ಮನೆತನದ ರಘುನಾಥರಾಯನ ಅಂತಃಕಲಹದಿಂದ ಪುಣೆಯ ಬಲವು ಕುಂದಿದ್ದ ಕಾಲದಲ್ಲಿ ಮೈಸೂರಿನ ಹೈದರಾಲಿಯು ತುಂಗಭದ್ರೆಯನ್ನು ದಾಟಿ, ೧೭೭೮ರ ವೇಳೆಗೆ ಕೃಷ್ಣೆಯ ದಕ್ಷಿಣದ ಮರಾಠಾ ಸೀಮೆಯನ್ನೆಲ್ಲ ವಶಪಡಿಸಿಕೊಂಡನು. ನರಗುಂದದ ವೆಂಕಟರಾವ್ ಭಾವೆಯು ಕಪ್ಪಕ್ಕೆ ಒಪ್ಪಿದುದರಿಂದ ಅವನ ಸಂಸ್ಥಾನವು ಅವನಲ್ಲಿಯೇ ಉಳಿಯಿತು. ೧೭೮೦ರಲ್ಲಿ ಇಂಗ್ಲಿಷರ ವಿರುದ್ಧ ಒಕ್ಕೂಟವನ್ನು ಕಟ್ಟುವ ಅಗತ್ಯವು ಒದಗಿದಾಗ, ಪುಣೆಯ ಮಂತ್ರಿಯಾದ ನಾನಾ ಫಡನವೀಸನು ವರ್ಷಕ್ಕೆ ೧೨ ಲಕ್ಷ ರೂಪಾಯಿಗಳ ಖಂಡಣಿಯ ಕರಾರಿನ ಮೇಲೆ ಈ ಸೀಮೆಯ ಮೇಲಣ ಹೈದರನ ಒಡೆತನವನ್ನು ಮನ್ನಿಸಿದನು. ಹೀಗೆ ನರಗುಂದದ ಭವಿತವ್ಯವು ಅದರ ಒಪ್ಪಿಗೆಯನ್ನು ಕೇಳದೆಯೇ ಇಬ್ಬರು ದೊಡ್ಡವರ ನಡುವೆ ನಿಶ್ಚಯವಾಯಿತು. ಮುಂದಿನ ಅನರ್ಥದ ಬೀಜವು ಇಲ್ಲಿಯೇ ಅಡಗಿತ್ತು.

೧೭೮೨ರ ಡಿಸೆಂಬರಿನಲ್ಲಿ ಹೈದರನು ಗತಿಸಿದನು. ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದದಿಂದ ಇಂಗ್ಲಿಷರ ಯುದ್ಧವನ್ನು ಮುಗಿಸಿಕೊಂಡ ಟೀಪುವು ನರಗುಂದದಿಂದ ಹಿಂದಿನದಕ್ಕಿಂತ ಹೆಚ್ಚಿನ ಕಪ್ಪವನ್ನು ಕೇಳಿದನು. ವೆಂಕಟರಾವನೂ ಅವನ ಕಾರಭಾರಿ ಕಾಳೋಪಂತ ಪೇಠೆಯೂ ಪುಣೆಗೆ ಮೊರೆಯಿಟ್ಟುದಲ್ಲದೆ, ಗುಟ್ಟಾಗಿ ಮುಂಬಯಿಯ ಇಂಗ್ಲಿಷರ ಆಶ್ರಯವನ್ನೂ ಬೇಡಿದರು. ಆಗ ಪುಣೆಗೂ ಶ್ರೀರಂಗಪಟ್ಟಣಕ್ಕೂ ನಡುವೆ ನಡೆದ ವಾದವು ರಾಜನೀತಿಯ ಅಭ್ಯಾಸಿಗಳು ಗಮನಿಸತಕ್ಕುದಾಗಿದೆ. ಸೀಮೆಯು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋದರೂ, ರಾಜದ್ರೋಹವನ್ನೆಸಗದ ಸಂಸ್ಥಾನಿಕನ ಪೂರ್ವಾರ್ಜಿತ ಹಕ್ಕುಗಳು ಅಬಾಧಿತವಾಗಿರುತ್ತವೆ, ಮಾಮೂಲಾದ ಕಪ್ಪಕ್ಕಿಂತ ಅಧಿಕವನ್ನು ಅವನಿಂದ ಕೇಳಲಾಗದು ಎಂದು ನಾನಾ ಫಡನವೀಸನು ಪ್ರತಿಪಾದಿಸಿದನು. ತನ್ನ ಪ್ರಜೆಯಿಂದ ತಾನು ಏನನ್ನು ವಸೂಲು ಮಾಡಬೇಕೆಂಬುದು ತನ್ನೊಬ್ಬನ ಇಚ್ಛೆಗೆ ಸೇರಿದುದು, ಕ್ಷುದ್ರನಾದ ಒಬ್ಬ ಜಮೀನದಾರನನ್ನು ದಂಡಿಸಲಾಗದಿದ್ದರೆ ಪ್ರಭುತ್ವಕ್ಕೆ ಅರ್ಥವೇನು ಎಂಬುದು ಟೀಪುವಿನ ಉತ್ತರದ ಸಾರ. ಒಬ್ಬನು ನರಗುಂದವನ್ನು ಸ್ವಂತ ಹಕ್ಕುಗಳುಳ್ಳ ಸಂಸ್ಥಾನವೆಂದು ಕಂಡನು. ಮತ್ತೊಬ್ಬನು ತನ್ನ ಮನೆಯೊಳಗಿನ ವ್ಯವಹಾರವೆಂದು ಕಂಡನು. ಬಲಿಷ್ಠರು ದುರ್ಬಲರ ಮೇಲೆ ಏರಿ ಹೋದ ಎಲ್ಲ ಕಾಲಗಳಲ್ಲಿಯೂ ಈ ಎರಡು ವಾದಗಳು ಎದುರುಬದುರಾಗಿ ನಿಂತಿವೆ.

೧೭೮೫ರ ಆರಂಭದಲ್ಲಿ ಬುರ್ಹಾನುದ್ದೀನನ ನೇತೃತ್ವದಲ್ಲಿ ಮೈಸೂರಿನ ದಂಡು ನರಗುಂದವನ್ನು ಮುತ್ತಿತು. ಪುಣೆಯಿಂದ ಗಣೇಶಪಂತ ಬೆಹರೆಯೂ ವೆಂಕಟರಾವನ ಬಂಧುವಾದ ಪರಶುರಾಮಭಾವು ಪಟವರ್ಧನನೂ ಸಹಾಯಕ್ಕೆ ಬಂದರು. ಬೇಸಗೆಯ ಜಲಾಭಾವದಿಂದ ಮುತ್ತಿಗೆಯು ಕೆಲಕಾಲ ಸಡಿಲವಾಯಿತಾದರೂ, ಟೀಪುವಿನ ವಕೀಲರು ಪುಣೆಯಲ್ಲಿ ಎರಡು ವರ್ಷಗಳ ಖಂಡಣಿಯ ಬಾಕಿಯನ್ನು ಸಲ್ಲಿಸುವ ಮಾತನ್ನು ಮುಂದಿಟ್ಟು ಸಂಧಾನವನ್ನು ಎಳೆಯುತ್ತಿದ್ದಂತೆಯೇ ಅದು ಮರಳಿ ಬಿಗಿಗೊಂಡಿತು. ಜುಲೈ ಅಂತ್ಯದಲ್ಲಿ ಕೋಟೆಯೊಳಗಿನವರು ಅಭಯವಚನವನ್ನು ನಂಬಿ ಶರಣಾದರು. ಆ ವಚನವು ನಡೆಯಲಿಲ್ಲ. ವೆಂಕಟರಾವನಿಗೂ ಕಾಳೋಪಂತನಿಗೂ ಬೇಡಿ ತೊಡಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಲಾಯಿತು. ಕಿತ್ತೂರೂ ಮೈಸೂರಿನವರ ವಶವಾಯಿತು. ನ್ಯಾಯದ ಪಕ್ಷವನ್ನು ಅಷ್ಟು ಸ್ಪಷ್ಟವಾಗಿ ಮಂಡಿಸಿದ ಪುಣೆಯ ದರ್ಬಾರು, ಬಾಕಿಯ ಹಣದ ಆಸೆಯಿಂದ, ಕೋಟೆಯು ಇನ್ನೂ ನಿಂತಿದ್ದಾಗ ಕೈಯಲ್ಲಿದ್ದ ತಿಂಗಳುಗಳನ್ನು ಕಳೆದುಕೊಂಡಿತು ಎಂಬುದು ನಿಸ್ಸಂದೇಹ.

ಪತನದ ವಾರ್ತೆಯು ಹರಡಿದ ಮೇಲೆ ದರ್ಬಾರುಗಳಲ್ಲಿ ಎದ್ದ ಪ್ರತಿಕ್ರಿಯೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಪುಣೆಯ ಕ್ರೋಧವು ನಿಜವಾದುದೇ. ಆದರೆ ಹಿಂದಿನ ವರ್ಷವೇ ನಾನಾ ಫಡನವೀಸನೂ ಹೈದರಾಬಾದಿನ ನಿಜಾಮ್ ಅಲಿಯೂ ಯಾದಗಿರಿಯಲ್ಲಿ ಕೂಡಿ, ಮೈಸೂರು ಕಸಿದುಕೊಂಡಿದ್ದ ಪ್ರಾಂತಗಳನ್ನು ಮರಳಿ ಪಡೆಯುವ ಆಲೋಚನೆಯನ್ನು ನಡೆಸಿದ್ದರೆಂಬುದನ್ನು ಮರೆಯಲಾಗದು. ನಿಜಾಮನಿಗೆ ನರಗುಂದಕ್ಕಿಂತ ತನ್ನ ಗಡಿಯ ಆದವಾನಿಯ ಚಿಂತೆಯು ಹೆಚ್ಚು. ಇಂಗ್ಲಿಷರಿಗಾದರೋ ಮಂಗಳೂರಿನ ಒಪ್ಪಂದದ ಪ್ರಕಾರ ಟೀಪುವಿನ ಶತ್ರುಗಳಿಗೆ ನೆರವಾಗುವಂತಿರಲಿಲ್ಲ. ೧೭೮೪ರ ಪಿಟ್‌ನ ಶಾಸನವು ಹಿಂದುಸ್ಥಾನದಲ್ಲಿ ರಾಜ್ಯವಿಸ್ತಾರದ ಯುದ್ಧಗಳನ್ನು ನಿಷೇಧಿಸಿತ್ತು. ಹಾಗಿದ್ದರೂ ಹಂಗಾಮಿ ಗವರ್ನರ್ ಜನರಲನಾದ ಮ್ಯಾಕ್‌ಫರ್ಸನ್‌ನು ಪೇಶವೆಗೆ ಮೂರು ಪಲ್ಟಣಗಳ ನೆರವಿನ ಆಸೆಯನ್ನು ತೋರಿಸಿದನು. ೧೭೮೬ರ ಸೆಪ್ಟೆಂಬರಿನಲ್ಲಿ ಅಧಿಕಾರವನ್ನು ವಹಿಸಿಕೊಂಡ ಕಾರ್ನ್‌ವಾಲಿಸನು ಆ ಮಾತನ್ನು ಹಿಂತೆಗೆದುಕೊಂಡು ತಟಸ್ಥನಾದನು. ಪುಣೆಗೆ ಇಂಗ್ಲಿಷರ ರೆಸಿಡೆಂಟನಾಗಿ ಮ್ಯಾಲೆಟನು ಬಂದುದೂ ಈ ಕಾಲದಲ್ಲಿಯೇ. ಅವನ ಬರವು ನರಗುಂದಕ್ಕೆ ಪ್ರಯೋಜನವಾಗದಿದ್ದರೂ, ಟೀಪುವಿನ ಮನಸ್ಸಿನಲ್ಲಿ ಶಂಕೆಯನ್ನು ಹುಟ್ಟಿಸಿ ಅವನನ್ನು ಸಂಧಿಯ ಕಡೆಗೆ ಒಲಿಸಿದ ಕಾರಣಗಳಲ್ಲಿ ಒಂದಾಯಿತು.

ಯುದ್ಧದ ವೃತ್ತಾಂತವನ್ನು ಇಲ್ಲಿ ವಿಸ್ತರಿಸುವ ಪ್ರಯೋಜನವಿಲ್ಲ. ೧೭೮೬ರ ಮೇ ತಿಂಗಳಲ್ಲಿ ಮರಾಠರ ಮತ್ತು ನಿಜಾಮನ ಒಕ್ಕೂಟದ ಸೈನ್ಯವು ಬಾದಾಮಿಯನ್ನು ಹಿಡಿಯಿತು. ಮರಾಠರ ಸೇನಾಪತಿ ಹರಿಪಂತ ಫಡಕೆಯು ಅದಾದ ಕೆಲದಿನಗಳಲ್ಲಿಯೇ ಗಜೇಂದ್ರಗಡವನ್ನು ಗೆದ್ದುಕೊಂಡನು. ಟೀಪುವು ಆದವಾನಿಯನ್ನು ವಶಪಡಿಸಿಕೊಂಡು, ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ಮಳೆಗಾಲದಲ್ಲಿಯೇ ದಾಟಿ ಬಂದು, ಅಕ್ಟೋಬರಿನಲ್ಲಿ ಸವಣೂರಿನ ಬಳಿ ಮೇಲುಗೈಯನ್ನು ಪಡೆದನು. ಸವಣೂರಿನ ನವಾಬ ಅಬ್ದುಲ್ ಹಕೀಮಖಾನನು ರಾಜಧಾನಿಯನ್ನು ತೊರೆದು ಮರಾಠರ ಆಶ್ರಯಕ್ಕೆ ಓಡಿದನು. ಒಂದು ಸಣ್ಣ ಸಂಸ್ಥಾನದ ರಕ್ಷಣೆಯ ಹೆಸರಿನಲ್ಲಿ ಹೊರಟ ಯುದ್ಧದಲ್ಲಿ ಮತ್ತೊಂದು ಸಣ್ಣ ಸಂಸ್ಥಾನವು ನೆಲೆಗೆಟ್ಟಿತು.

ರಣರಂಗದಲ್ಲಿ ಸೋಲದಿದ್ದ ಟೀಪುವೇ ಸಂಧಿಗೆ ಮುಂದಾದನು. ೧೭೮೭ರ ವಸಂತದಲ್ಲಿ ನಿಶ್ಚಯವಾದ ಗಜೇಂದ್ರಗಡದ ಕೌಲಿನಂತೆ ಅವನು ನಾಲ್ಕು ವರ್ಷಗಳ ಖಂಡಣಿಯೆಂದು ೪೮ ಲಕ್ಷ ರೂಪಾಯಿಗಳನ್ನು ಕೊಡಲೊಪ್ಪಿ, ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೂ ಆದವಾನಿಯನ್ನು ನಿಜಾಮನಿಗೂ ಬಿಟ್ಟುಕೊಟ್ಟನು. ಕಾಳೋಪಂತನ ಬಿಡುಗಡೆಯೂ ಆಯಿತು. ನಾನಾ ಫಡನವೀಸನ ಸಿದ್ಧಾಂತವು ಗೆದ್ದಿತೆಂದು ಹೇಳಬಹುದು. ಆದರೆ ನರಗುಂದವು ಪಟ್ಟ ಕಷ್ಟಕ್ಕೆ ಪರಿಹಾರವೆಂಬ ಒಂದು ಕಲಮೂ ಪ್ರಮುಖ ಷರತ್ತುಗಳಲ್ಲಿ ಕಾಣುವುದಿಲ್ಲ.

ಲೋಕದ ಇತಿಹಾಸದೊಡನೆ ಹೋಲಿಸಿದರೆ ಈ ವ್ಯವಹಾರದ ಸ್ವರೂಪವು ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೧೪ರಲ್ಲಿ ಜರ್ಮನಿಯು ಬೆಲ್ಜಿಯಮನ್ನು ಹೊಕ್ಕಾಗ, ೧೮೩೯ರ ಒಪ್ಪಂದದಿಂದ ಅದರ ತಾಟಸ್ಥ್ಯಕ್ಕೆ ಹೊಣೆಯಾಗಿದ್ದ ಬ್ರಿಟನ್ನು ಆಗಸ್ಟ್ ೪ರಂದೇ ಯುದ್ಧವನ್ನು ಸಾರಿತು. ಅಲ್ಲಿಯೂ ಸ್ವಹಿತವಿತ್ತು, ಆದರೆ ವಿಳಂಬವಿರಲಿಲ್ಲ. ೧೯೩೫ರಲ್ಲಿ ಇಟಲಿಯು ಅಬಿಸೀನಿಯದ ಮೇಲೆ ಬಿದ್ದಾಗ ರಾಷ್ಟ್ರಸಂಘವು ಅದನ್ನು ಖಂಡಿಸಿ ವ್ಯಾಪಾರದ ನಿರ್ಬಂಧಗಳನ್ನು ಹಾಕಿತಾದರೂ ಎಣ್ಣೆಯನ್ನು ಅವುಗಳಿಂದ ಹೊರಗಿಟ್ಟಿತು. ಮರುವರ್ಷದ ಜುಲೈಯಲ್ಲಿ, ಆ ದೇಶವು ಬಿದ್ದ ಬಳಿಕ, ಅವನ್ನೂ ತೆಗೆದುಹಾಕಿತು. ನರಗುಂದದ ಪ್ರಕರಣವು ಇವೆರಡರ ನಡುವಣದು: ಅಬಿಸೀನಿಯಕ್ಕಾದಂತೆ ಮೊದಲು ಸಾಲದ ನೆರವು ಮಾತ್ರವೇ ದೊರೆಯಿತು, ಬೆಲ್ಜಿಯಮಿಗಾದಂತೆ ಕೊನೆಗೆ ಭೂಮಿಯು ಮರಳಿ ದೊರೆಯಿತು.

ಮರಳಿ ದೊರೆತ ಆ ಸಂಸ್ಥಾನಕ್ಕೆ ಎರಡನೆಯ ವಿಪತ್ತು ೧೮೫೮ರಲ್ಲಿ ಬಂದಿತು. ದತ್ತಕದ ಹಕ್ಕನ್ನು ನಿರಾಕರಿಸಿದ ಇಂಗ್ಲಿಷರ ವಿರುದ್ಧ ಬಾಬಾಸಾಹೇಬ ಭಾಸ್ಕರರಾವ್ ಭಾವೆಯು ಎದ್ದು ನಿಂತನು. ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ವಧೆಯಾದ ಕೆಲವೇ ದಿನಗಳಲ್ಲಿ ಕೋಟೆಯು ಬಿದ್ದಿತು. ಜೂನ್ ತಿಂಗಳಲ್ಲಿಯೇ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಅಂದು ಮೊರೆಯಿಡುವುದಕ್ಕೆ ಪುಣೆಯ ದರ್ಬಾರೂ ಇರಲಿಲ್ಲ, ಮೈಸೂರಿನ ಟೀಪುವೂ ಇರಲಿಲ್ಲ. ಒಬ್ಬರನ್ನೊಬ್ಬರು ಸವೆಯಿಸಿ ಇಬ್ಬರೂ ಅಳಿದಿದ್ದರು. ಪರಸ್ಪರ ಸ್ಪರ್ಧಿಸುವ ನೆರೆಯವರ ಪ್ರತಿಕ್ರಿಯೆಯು ಎಷ್ಟೇ ಸ್ವಾರ್ಥದಿಂದ ಕೂಡಿದ್ದರೂ ಸಣ್ಣವನಿಗೆ ಅದು ಆಸರೆಯೇ ಎಂಬುದು ಆ ಆಸರೆಯು ಇಲ್ಲವಾದ ಮೇಲೆ ವ್ಯಕ್ತವಾಯಿತು.

ಈ ಯುದ್ಧವನ್ನು ಟೀಪುವಿನ ಪರವಾಗಿಯೋ ಮರಾಠರ ಪರವಾಗಿಯೋ ಮಾತ್ರ ಓದುವ ವಾಡಿಕೆಯನ್ನು ನಮ್ಮ ವಿದ್ವಾಂಸರು ಬಿಟ್ಟು, ಮುತ್ತಿಗೆಗೆ ಒಳಗಾದವರ ಪರವಾಗಿಯೂ ಓದಬೇಕೆಂದು ವಿನಂತಿಸುತ್ತೇನೆ. ಹಾಗೆ ಓದಿದಾಗ ದೊರೆಯುವ ನಿರ್ಣಯವು ಇಷ್ಟು: ದುರ್ಬಲನ ಹಕ್ಕನ್ನು ಎತ್ತಿಹಿಡಿಯುವ ನೆರೆಯವನ ಮಾತು, ಆ ದುರ್ಬಲನ ಕೋಟೆಯು ನಿಂತಿರುವಾಗಲೇ ಕಾರ್ಯವಾಗಿ ಪರಿಣಮಿಸತಕ್ಕದ್ದು, ಬಿದ್ದ ಮೇಲೆ ಬರುವ ಸಹಾಯವು ಸೀಮೆಯನ್ನು ಮರಳಿಸಬಲ್ಲುದೇ ಹೊರತು, ಅಲ್ಲಿಯ ಜನರು ಕಳೆದುಕೊಂಡುದನ್ನು ಮರಳಿಸಲಾರದು.