ರಾಂಚೊ ಬರ್ನಾರ್ಡೊದ ದ್ರಾಕ್ಷಿಯೂ ಕಡಲ ತಂಪೂ

ವೈನ್ ಮುಟ್ಟದ ಮನೆಗಳು ನಮ್ಮಲ್ಲಿ ಅನೇಕ. ಆದರೂ ಇಲ್ಲಿ ನೆಲೆಸಿದ ನಾವು ಯಾವ ಮಣ್ಣಿನ ಮೇಲೆ ಮನೆ ಮಾಡಿಕೊಂಡಿದ್ದೇವೆಂದು ತಿಳಿಯಬೇಕಾದರೆ ದ್ರಾಕ್ಷಿಯ ಕಥೆ ಕೇಳಲೇಬೇಕು.

1769ರಲ್ಲಿ ಸ್ಯಾನ್ ಡಿಯೆಗೊದಲ್ಲಿ ಮಿಷನ್ ಸ್ಥಾಪಿಸಿದ ಸ್ಪೇನಿನ ಪಾದ್ರಿಗಳ ಬೆನ್ನಿಗೇ ‘ಮಿಷನ್’ ಎಂಬ ಕಪ್ಪು ದ್ರಾಕ್ಷಿಯೂ ಈ ನಾಡಿಗೆ ಬಂದಿತು. ಬಿಸಿಲಿಗೆ ಸಿಹಿಯಾಗುವ, ಹುಳಿ ಕಡಿಮೆಯ ಹಣ್ಣು ಅದು. 1831ರಲ್ಲಿ ಫ್ರಾನ್ಸಿನ ಝಾನ್ ಲೂಯಿ ವಿನ್ಯ್ ಲಾಸ್ ಏಂಜಲೀಸಿಗೆ ಬಂದು ತಮ್ಮೂರಿನ ಬಳ್ಳಿಗಳನ್ನು ತರಿಸಿ ನೆಟ್ಟರು. ಆ ಪಟ್ಟಣದ ಮುದ್ರೆಯಲ್ಲಿ ಇಂದಿಗೂ ದ್ರಾಕ್ಷಿ ಗೊಂಚಲಿದೆ. ತೋಟಗಳು ಮಾತ್ರ ಉಳಿಯಲಿಲ್ಲ. 1880ರ ದಶಕದಲ್ಲಿ ಅನಾಹೈಮಿನ ಬಳ್ಳಿಗಳನ್ನು ರೋಗವೊಂದು ಒಣಗಿಸಿತು. ಉಳಿದುದನ್ನು ಮನೆ, ರಸ್ತೆಗಳು ನುಂಗಿದವು.

ನಮ್ಮ ನೆರೆಯ ಬರ್ನಾರ್ಡೊ ವೈನರಿ ಆರಂಭವಾದದ್ದು 1889ರಲ್ಲಿ. 1927ರಲ್ಲಿ ರಿಝೋ ಮನೆತನ ಅದನ್ನು ಕೊಂಡಿತು. ಆಗ ದೇಶದಲ್ಲೆಲ್ಲ ಪಾನನಿಷೇಧ. ಅದು ತೆರವಾದದ್ದು 1933ರಲ್ಲಿ. ಅಂಥ ಕಾಲದಲ್ಲಿ ವೈನರಿ ಕೊಳ್ಳಲು ಎದೆಗಾರಿಕೆ ಬೇಕು! 1960ರ ದಶಕದಲ್ಲಿ ಸುತ್ತಲೂ ಬಡಾವಣೆ ಎದ್ದರೂ ಅದು ಕದಲಲಿಲ್ಲ.

ಇನ್ನು ತಂಪು ಸೀಮೆಯ ಕೆಂಪು ವೈನಿನ ಗುಣವೇ ಬೇರೆ. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ಸಕ್ಕರೆ ಮಿತವಾಗಿ ಏರುತ್ತದೆ, ಹುಳಿ ಉಳಿಯುತ್ತದೆ. ಹಾಗಾಗಿ ಮದ್ಯಸಾರ ಕಡಿಮೆ, ಪರಿಮಳ ನವಿರು. ತೆಳುಸಿಪ್ಪೆಯ ಪಿನೋ ನ್ವಾರ್ ಜಾತಿಯದಾದರೆ ಬಣ್ಣವೂ ತಿಳಿ, ಒಗರೂ ಹಿತ. ಫ್ರಾನ್ಸಿನ ಬರ್ಗಂಡಿಗೆ ಈ ತಂಪು ಉತ್ತರದ ಅಕ್ಷಾಂಶದಿಂದ ಬಂತು. ನಂದಿಬೆಟ್ಟದ ಬುಡದಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ತೋಟಕ್ಕೆ ಇರುವಷ್ಟು ತಂಪನ್ನು ಕೊಡುವುದು ನೆಲದ ಎತ್ತರ. ಕ್ಯಾಲಿಫೋರ್ನಿಯದಲ್ಲಿ ಕೊಡುವವನು ಸಮುದ್ರರಾಜ.

ಸಾಂತಾ ಬಾರ್ಬರಾ ಸೀಮೆಯ ಸಾಂತಾ ರೀಟಾ ಬೆಟ್ಟಗಳನ್ನು ನೋಡಿ. ಈ ಕರಾವಳಿಯ ಬೆಟ್ಟಸಾಲುಗಳು ಹೆಚ್ಚಾಗಿ ಕಡಲಿಗೆ ಅಡ್ಡಗೋಡೆಯಂತೆ ನಿಂತಿವೆ. ಅಲ್ಲಿ ಮಾತ್ರ ಪೂರ್ವ-ಪಶ್ಚಿಮವಾಗಿ ಮಲಗಿವೆ. ಬಾಗಿಲು ತೆರೆದಿಟ್ಟಂತಾಗಿ ಮಂಜು ನೇರ ಕಣಿವೆಗೆ ನುಗ್ಗುತ್ತದೆ. 1971ರಲ್ಲಿ ಸ್ಯಾನ್‌ಫರ್ಡ್ ಮತ್ತು ಬೆನೆಡಿಕ್ಟ್ ಅಲ್ಲಿ ತೋಟ ಹಾಕಿದರು. ಅವರ ಪಿನೋ ನ್ವಾರ್ ಆ ಸೀಮೆಗೆ ಹೆಸರು ತಂದಿತು. 2001ರಲ್ಲಿ ಸರ್ಕಾರದ ಮಾನ್ಯತೆಯೂ ದೊರೆಯಿತು.

ನಮ್ಮ ಪಕ್ಕದ ಸ್ಯಾನ್ ಪಾಸ್ಕ್ವಾಲ್ ಕಣಿವೆಗಾದರೋ ಆ ಮಾನ್ಯತೆ 1981ರಲ್ಲೇ ಸಿಕ್ಕಿತ್ತು. ಹಗಲು ಬಿಸಿಲು ಜೋರಾದ್ದರಿಂದ ಪಿನೋ ನ್ವಾರ್‌ಗಿಂತ ಸಿರಾ ಜಾತಿಗೇ ಅದು ಒಗ್ಗುವ ನೆಲವೆಂದು ನಮ್ಮ ಎಣಿಕೆ. ಕಣಿವೆಯ ಬಹುಭಾಗ ಸ್ಯಾನ್ ಡಿಯೆಗೊ ನಗರಸಭೆಯದು, ಬೇಸಾಯಕ್ಕೆಂದೇ ಮೀಸಲು. ಅಲ್ಲಿ ಬಡಾವಣೆ ಏಳದಿರಲು ಅದೇ ಕಾರಣ. ಮಕ್ಕಳನ್ನು ಸಫಾರಿ ಪಾರ್ಕಿಗೆ ಕರೆದೊಯ್ಯುವವರು ಸಂಜೆ ಹಿಂದಿರುಗುವಾಗ ಕಾರಿನ ಗಾಜು ಇಳಿಸಿ ನೋಡಿ: ಪಶ್ಚಿಮದಿಂದ ಬೀಸುವ ಕಡಲಗಾಳಿ ಮುಖಕ್ಕೆ ತಾಗುತ್ತದೆ.