ಕನ್ನಡ ಕಾವ್ಯದಲ್ಲಿ ಬಾಲ್ಯ

ಕನ್ನಡದಲ್ಲಿ ‘ಕಂದ’ ಎಂದರೆ ಮಗು. ಹಳಗನ್ನಡ ಕವಿಗಳು ಧಾರಾಳವಾಗಿ ಬಳಸಿದ ನಾಲ್ಕು ಸಾಲಿನ ಪದ್ಯಕ್ಕೂ ಕಂದವೆಂದೇ ಹೆಸರು. ಎರಡಕ್ಕೂ ರಕ್ತಸಂಬಂಧವಿಲ್ಲ; ಛಂದಸ್ಸಿನ ಕಂದ ಪ್ರಾಕೃತದ ದಾರಿಯಲ್ಲಿ ಬಂದ ‘ಸ್ಕಂಧಕ’. ಆದರೆ ಕಂದಪದ್ಯಗಳು ಕಿಕ್ಕಿರಿದ ಆ ಚಂಪೂಕಾವ್ಯಗಳಲ್ಲಿ ಮನೆಯಂಗಳದ ಕಂದ ಕಾಣಸಿಗುವುದು ಅಪರೂಪ. ಕನ್ನಡ ಕಾವ್ಯದಲ್ಲಿ ಮಕ್ಕಳಿಗೆ ಎಂದೂ ಕೊರತೆ ಇರಲಿಲ್ಲ. ಅವರನ್ನು ಯಾರ ಕಣ್ಣಿನಿಂದ ನೋಡಲಾಯಿತು ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ ಬದಲಾಯಿತು: ಮೊದಲು ಭಕ್ತರ ಮತ್ತು ತಾಯಂದಿರ ಕಣ್ಣು, ಆಮೇಲೆ ಮೇಷ್ಟರ ಕಣ್ಣು, ಬಹಳ ತಡವಾಗಿ ಮಗುವಿನ ಕಣ್ಣು.

ಪಂಪನ ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ಆದಿನಾಥ ತನ್ನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕಿಗಳನ್ನೂ ಕಲಿಸುತ್ತಾನೆ. ಕನ್ನಡ ಕಾವ್ಯದ ಈ ಆರಂಭದ ಪಾಠದಲ್ಲಿ ಕಲಿಯುವವರು ಹುಡುಗಿಯರು ಎಂಬುದು ಗಮನಿಸಬೇಕಾದ ಸಂಗತಿ. ಅದೇ ಕವಿಯ ‘ವಿಕ್ರಮಾರ್ಜುನ ವಿಜಯ’ದಲ್ಲಿ ಮರ ಹತ್ತಿದ ಕೌರವರನ್ನು ಭೀಮ ಮರವನ್ನೇ ಅಲ್ಲಾಡಿಸಿ ಉದುರಿಸುವ ಆಟವೂ ಇದೆ. ಆದರೆ ಇವೆಲ್ಲ ಹಾದುಹೋಗುವ ಚಿತ್ರಗಳು. ಜನನ, ನಾಮಕರಣ, ವಿದ್ಯಾಭ್ಯಾಸ ಮುಗಿದವೋ ಇಲ್ಲವೋ, ಕವಿಗೆ ಯುದ್ಧದ ಕಡೆ ಓಡುವ ಆತುರ.

ಜನ್ನನ ‘ಯಶೋಧರ ಚರಿತೆ’ (1209) ತೆರೆದುಕೊಳ್ಳುವುದೇ ಬಲಿಗೆಂದು ಹಿಡಿದು ತಂದ ಎಳೆಯರಿಬ್ಬರಿಂದ. ಚಂಡಮಾರಿಯ ಗುಡಿಯಲ್ಲಿ, ಕತ್ತಿ ಹಿರಿದ ಮಾರಿದತ್ತನ ಎದುರು ಅಭಯರುಚಿ ಮತ್ತು ಅಭಯಮತಿ ಅಳುಕದೆ ನಿಲ್ಲುತ್ತಾರೆ. ಆದರೆ ಆಡುವ ಮಾತು ಎಳೆಯರದಲ್ಲ, ಹಲವು ಜನ್ಮಗಳ ಹಣ್ಣುಮಾತು. ಮೈ ಮಾತ್ರ ಚಿಕ್ಕದು.

ನಿಜವಾದ ಮಗು ಸಿಗುವುದು ಹರಿಹರನ ರಗಳೆಯಲ್ಲಿ. ಕೋಳೂರಿನ ಕೊಡಗೂಸಿನ ಅಪ್ಪ ಶಿವಭಕ್ತ. ಪರಊರಿಗೆ ಹೋಗುವಾಗ ಶಿವನಿಗೆ ದಿನವೂ ಹಾಲು ಕೊಡುವ ಕೆಲಸವನ್ನು ಮಗಳಿಗೆ ವಹಿಸುತ್ತಾನೆ. ಹುಡುಗಿ ಹಾಲಿನ ಬಟ್ಟಲು ಹಿಡಿದು ಗುಡಿಗೆ ಬಂದರೆ ಲಿಂಗ ಕುಡಿಯಲೊಲ್ಲದು. ಅವಳು ಗೋಗರೆಯುತ್ತಾಳೆ, ಪುಸಲಾಯಿಸುತ್ತಾಳೆ, ಅಪ್ಪನ ಬೈಗುಳ ನೆನೆದು ನಡುಗುತ್ತಾಳೆ, ಕೊನೆಗೆ ತಲೆ ಚಚ್ಚಿಕೊಂಡು ಸಾಯುತ್ತೇನೆಂದು ಹಟಕ್ಕೆ ಬೀಳುತ್ತಾಳೆ. ದೊಡ್ಡವರು ವಾಡಿಕೆಗೆ ಆಡಿದ ಮಾತನ್ನು ಮಗು ಅಕ್ಷರಶಃ ನಂಬುತ್ತದೆ. ಕತೆಯ ಹುರುಳೆಲ್ಲ ಆ ಒಂದು ಎಳೆಯಲ್ಲಿದೆ. ಶಿವ ಹಾಲು ಕುಡಿದದ್ದು ಪವಾಡವಾದರೂ ಕುಡಿಸಿದ ಹಟವನ್ನು ಯಾವ ಮನೆಯಲ್ಲಾದರೂ ಕಾಣಬಹುದು.

ಮುಂದಿನ ಕವಿಗಳ ಎಳೆಯರು ಹೆಚ್ಚಾಗಿ ಸಾವಿನ ನೆರಳಲ್ಲೇ ಬೆಳೆದವರು. ರಾಘವಾಂಕನ ಲೋಹಿತಾಶ್ವನಿಗೆ ಹಾವು ಕಚ್ಚುತ್ತದೆ, ಕುಮಾರವ್ಯಾಸನ ಅಭಿಮನ್ಯು ಚಕ್ರವ್ಯೂಹ ಹೊಗುತ್ತಾನೆ. ‘ಜೈಮಿನಿ ಭಾರತ’ದ ಲಕ್ಷ್ಮೀಶ ಮಾತ್ರ ಚಂದ್ರಹಾಸನೆಂಬ ಅನಾಥ ಬಾಲಕನನ್ನು ಬದುಕಿಸಿದ. ಕೊಲ್ಲಲು ಕರೆದೊಯ್ದವರು ಮರುಗಿ, ಅವನ ಆರನೆಯ ಕಾಲ್ಬೆರಳನ್ನಷ್ಟೇ ಕತ್ತರಿಸಿ ಗುರುತಿಗೆ ಒಯ್ಯುತ್ತಾರೆ. ಗಮಕಿಗಳೂ ಬಯಲಾಟದವರೂ ಈ ಕತೆಯನ್ನು ಮನೆಮನೆಗೆ ಮುಟ್ಟಿಸಿದರು.

ಹರಿದಾಸರ ಕಾಲಕ್ಕೆ ತೊಟ್ಟಿಲು ಕಾವ್ಯದ ನಡುಮನೆಗೆ ಬಂತು. 16ನೇ ಶತಮಾನದ ಪುರಂದರದಾಸರ ಕೀರ್ತನೆಗಳಲ್ಲಿ ಕೃಷ್ಣ ಬೆಣ್ಣೆ ಕದಿಯುತ್ತಾನೆ, ಗೋಪಿಯರು ಯಶೋದೆಯ ಬಳಿ ದೂರು ಒಯ್ಯುತ್ತಾರೆ, ಅವನು ತಾನೇನೂ ಅರಿಯದವನಂತೆ ನಿಲ್ಲುತ್ತಾನೆ. ಗುಮ್ಮನನ್ನು ಕರೆಯಬೇಡ ಎಂದು ಮಗು ತಾಯಿಯನ್ನು ಬೇಡಿಕೊಳ್ಳುವ ಕೀರ್ತನೆ ವಿಶೇಷವಾದದ್ದು: ಅಲ್ಲಿ ತಾಯಿಗೆ ಬಾಯಿಲ್ಲ, ಮಾತೆಲ್ಲ ಮಗುವಿನದೇ. ಇನ್ನು ಅಳುವುದಿಲ್ಲ, ತಂಟೆ ಮಾಡುವುದಿಲ್ಲ ಎಂದು ಅದು ಒಂದೊಂದಾಗಿ ಒಪ್ಪಂದ ಮಾಡಿಕೊಳ್ಳುತ್ತದೆ. ಜಗತ್ತನ್ನೇ ನಡುಗಿಸಬಲ್ಲವನು ಗುಮ್ಮನಿಗೆ ಹೆದರುತ್ತಾನೆ ಎಂಬ ತಮಾಷೆ ಭಕ್ತರಿಗೆ. ಹಾಡಿ ಮಲಗಿಸುವ ತಾಯಿಗೆ ಅದು ನಿತ್ಯದ ಸಂಜೆಯ ಕತೆ. ಆದರೂ ಈ ತುಂಟತನಕ್ಕೆ ಕಾವ್ಯದಲ್ಲಿ ಪರವಾನಗಿ ಸಿಕ್ಕಿದ್ದು ತುಂಟ ದೇವರಾದ್ದರಿಂದ.

ದೇವರಲ್ಲದ ಕೂಸಿಗೆ ಹಾಡು ಕಟ್ಟಿದವರು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು. ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಪಿ. ಧೂಲಾಸಾಹೇಬರು, ಇಂಥ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ರಚ್ಚೆ ಹಿಡಿದ ಕೂಸು, ಅಂಗಳದಲ್ಲಿ ಆಡಿ ಮೈಯೆಲ್ಲ ಧೂಳಾದ ಮಗ, ಬಂಜೆಯೆನಿಸಿಕೊಂಡವಳ ಸಂಕಟ ಎಲ್ಲಕ್ಕೂ ಮೂರೇ ಸಾಲು ಸಾಕು. ಅದಕ್ಕಿಂತ ದೊಡ್ಡ ಸಂಗತಿ ಹಾಡುವವಳು ತನ್ನ ಬಾಲ್ಯವನ್ನು ಹೇಳಿಕೊಳ್ಳುವ ಬಗೆ. ಎಳವೆಯಲ್ಲೇ ಮದುವೆಯಾಗಿ ಬಂದವಳಿಗೆ ಬಾಲ್ಯ ಎಂದರೆ ಕಳೆದುಹೋದ ವಯಸ್ಸಲ್ಲ. ಅದು ಒಂದು ಊರು. ಅದರ ಹೆಸರು ತವರು. ಅಲ್ಲಿಗೆ ದಾರಿಯಿದೆ, ಅಲ್ಲಿಂದ ಅಣ್ಣ ಬಂದು ಕರೆದೊಯ್ಯಬಹುದು, ಹಡೆದವ್ವ ಇರುವ ತನಕ ಅಲ್ಲಿನ ಬಾಗಿಲು ತೆರೆದಿರುತ್ತದೆ. ಬೆಳೆಯುವುದನ್ನು ಕಾಲದ ಲೆಕ್ಕದಲ್ಲಲ್ಲ, ಹಾದಿಯ ಲೆಕ್ಕದಲ್ಲಿ ಅಳೆದ ಕಾವ್ಯ ಇದು. ಶಿಷ್ಟ ಕವಿಗಳಲ್ಲಿ ಇದಕ್ಕೆ ಸಾಟಿ ಹುಡುಕುವುದು ಕಷ್ಟ.

ಪಠ್ಯಪುಸ್ತಕಗಳ ಮೂಲಕ ತಲೆಮಾರುಗಳನ್ನು ಅಳಿಸಿದ ಪುಣ್ಯಕೋಟಿಯ ‘ಗೋವಿನ ಹಾಡು’ ಕೂಡ ಜನಪದದ್ದೇ. ಅದನ್ನು ಸತ್ಯದ ಪಾಠವೆಂದು ಕಲಿಸುವುದು ರೂಢಿ. ಮಕ್ಕಳ ಗಂಟಲು ಕಟ್ಟುವುದು ಮಾತ್ರ ಬೇರೆ ಕಡೆ: ಹುಲಿಯ ಬಾಯಿಗೆ ಹೊರಟ ಹಸು ಕರುವಿಗೆ ಬುದ್ಧಿ ಹೇಳಿ, ಅದನ್ನು ಉಳಿದ ಹಸುಗಳ ವಶಕ್ಕೆ ಒಪ್ಪಿಸುವಲ್ಲಿ. ತಾಯಿಯೂ ಇಲ್ಲವಾಗಬಹುದು ಎಂಬುದನ್ನು ಎಷ್ಟೋ ಮಕ್ಕಳು ಮೊದಲು ಕೇಳಿದ್ದು ಈ ಹಾಡಿನಲ್ಲಿ.

20ನೇ ಶತಮಾನದ ಆರಂಭದಲ್ಲಿ ಮಗು ಕವಿತೆಯ ವಸ್ತುವಷ್ಟೇ ಆಗಿ ಉಳಿಯದೆ ಓದುಗನೂ ಆಯಿತು. ಅದಕ್ಕೆ ಕಾರಣ ಶಾಲೆ. ಬಂಟ್ವಾಳದ ಪಂಜೆ ಮಂಗೇಶರಾಯರು (1874–1937) ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ತರಗತಿಗಳನ್ನು ಕಂಡವರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ಅವರ ನಾಗರಹಾವಿನ ಪದ್ಯದಲ್ಲಿ ನೀತಿಬೋಧೆ ಇಲ್ಲ. ಹಾವನ್ನು ಕಂಡ ಎಳೆಯ ಮನಸ್ಸಿನ ಭಯ, ಬೆರಗು, ಹಾಲು ಕೊಡುವ ಆಮಿಷ ಇವಿಷ್ಟೇ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯ ಇನ್ನೂ ಚಿಕ್ಕ ನಾಟಕ: ಬಣ್ಣದ ತಗಡಿನ ತುತ್ತೂರಿ ಕೊಂಡು ಜಂಬದಿಂದ ಊದಿದ ಕಸ್ತೂರಿ, ಅದು ಕೊಳಕ್ಕೆ ಜಾರಿ ಬಣ್ಣ ಕಳೆದುಕೊಂಡಾಗ ಪೆಚ್ಚಾಗುತ್ತಾನೆ. ಕೊನೆಯಲ್ಲಿ ನೀತಿಯ ಬಾಲವೊಂದು ಇದ್ದರೂ ಮಕ್ಕಳಿಗೆ ನೆನಪುಳಿಯುವುದು ತುತ್ತೂರಿಯ ಸದ್ದು. ಕುಡುಕ ರತ್ನನ ಪದಗಳನ್ನು ಬರೆದ ಕೈಯೇ ಇದನ್ನೂ ಬರೆಯಿತು. ಎರಡರಲ್ಲೂ ಕವಿ ಪುಸ್ತಕದ ಭಾಷೆಯನ್ನು ಬದಿಗಿಟ್ಟಿದ್ದಾರೆ. ದಿನಕರ ದೇಸಾಯಿಯವರ ಗಡಿಯಾರದ ಪದ್ಯವೂ ಹೀಗೆಯೇ ಬಾಯಿಂದ ಬಾಯಿಗೆ ಹರಡಿತು.

ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ರಾಬರ್ಟ್ ಬ್ರೌನಿಂಗ್‌ನ ಕವಿತೆಯನ್ನು ಆಧಾರವಾಗಿಟ್ಟುಕೊಂಡರು. ಜರ್ಮನಿಯ ವೇಸರ್ ನದಿಯ ಊರು ಇಲ್ಲಿ ತುಂಗಾ ತೀರಕ್ಕೆ ಬಂತು; ಇಲಿಗಳ ದಂಡು ಅಪ್ಪಟ ಮಲೆನಾಡಿನದಾಯಿತು. ದೊಡ್ಡವರು ಜೋಗಿಗೆ ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ ಮಕ್ಕಳು ಊರನ್ನೇ ಬಿಟ್ಟು ನಡೆಯುವ ಈ ಕತೆಯನ್ನು ನಗುನಗುತ್ತಾ ಓದಿಸಿಬಿಡುವುದು ಅದರ ಲಯ. ನಿಧಾನಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ನವೋದಯದ ಭಾವಗೀತೆಯಲ್ಲಿ ಮಗುವಿನ ಜೊತೆಗೆ ಅಪ್ಪನೂ ಒಳಬಂದ. ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದಲ್ಲಿ ಕೊನೆಯವರೆಗೂ ತಾಯಿಯ ಮಗನಾಗಿಯೇ ಉಳಿದ ಬೇಂದ್ರೆ, ಮಗುವನ್ನು ಕಳೆದುಕೊಂಡು ಹೆಂಡತಿಯ ನೋಟ ಎದುರಿಸಲಾಗದ ತಂದೆಯ ಪಾಡನ್ನು ಬರೆದರು. ‘ಮೈಸೂರ ಮಲ್ಲಿಗೆ’ಯ (1942) ಕೆ. ಎಸ್. ನರಸಿಂಹಸ್ವಾಮಿಯವರ ಜೋಗುಳ ಇಂದಿಗೂ ತೊಟ್ಟಿಲ ಬಳಿ ಕೇಳಿಬರುತ್ತದೆ.

ಬೆಳೆಯುವುದು ಒಂದು ಜಗಳ ಎಂದು ಕಂಡುಕೊಂಡವರು ನವ್ಯರು ಮತ್ತು ಅವರ ನಂತರದವರು. ಗೋಪಾಲಕೃಷ್ಣ ಅಡಿಗರ ‘ವರ್ಧಮಾನ’ (1972) ಹೆಸರಿನಲ್ಲೇ ಬೆಳವಣಿಗೆಯನ್ನು ಹೊತ್ತಿದೆ. ಲಂಕೇಶರ ‘ಅವ್ವ’ದಲ್ಲಿ ಮಗ ತಾಯಿಯನ್ನು ಪುರಾಣದ ಸತಿಯರಿಂದ ಬಿಡಿಸಿ ಹೊಲಕ್ಕೆ, ದುಡಿಮೆಗೆ, ಸಿಡುಕಿಗೆ ಮರಳಿಸುತ್ತಾನೆ. ಬಿ. ಆರ್. ಲಕ್ಷ್ಮಣರಾವ್ ಅವರ ಜನಪ್ರಿಯ ಕವಿತೆಯೊಂದರಲ್ಲಿ ಅಮ್ಮನ ಪ್ರೀತಿಯೇ ಗಾಳ, ಮಗ ಅದಕ್ಕೆ ಸಿಕ್ಕ ಮೀನು. ದಾಸರ ಯಶೋದೆ ಮಗನನ್ನು ಒರಳಿಗೆ ಕಟ್ಟಿದ್ದಳು. ಇಲ್ಲಿನ ಮಗ ಕಟ್ಟು ಬಿಚ್ಚೆಂದು ತಾನೇ ಕೇಳುತ್ತಾನೆ.

ಎ. ಕೆ. ರಾಮಾನುಜನ್ (1929–1993) ಮೈಸೂರಿನಲ್ಲಿ ಹುಟ್ಟಿ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಅವರ ಬಾಲ್ಯದ ಮನೆಯಲ್ಲಿ ಮಹಡಿಯ ಮೇಲೆ ಗಣಿತಜ್ಞ ತಂದೆಯ ಇಂಗ್ಲಿಷ್, ಕೆಳಗೆ ಅಡುಗೆಮನೆಯ ತಮಿಳು, ಹೊರಗೆ ಬೀದಿಯ ಕನ್ನಡ. ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಎಂಬ ಮೊದಲ ಕನ್ನಡ ಸಂಕಲನದ ಹೆಸರೇ ಹೊಕ್ಕುಳಿನ ಮೇಲೆ ಕಣ್ಣಿಟ್ಟಿದೆ. 1990ರ ಸಂಕಲನಕ್ಕೆ ಅವರಿಟ್ಟ ಹೆಸರು ‘ಕುಂಟೋಬಿಲ್ಲೆ’. ನೆಲದ ಮೇಲೆ ಮನೆ ಬರೆದು, ಬಿಲ್ಲೆ ಎಸೆದು, ಒಂಟಿಕಾಲಲ್ಲಿ ಗೆರೆ ಮುಟ್ಟದೆ ಹಾರುವ ಆಟ ಅದು. ಭಾಷೆಯಿಂದ ಭಾಷೆಗೆ, ನೆನಪಿನಿಂದ ನೆನಪಿಗೆ ನೆಗೆಯುವ ಈ ಕವಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ.

ಕುಂಟೋಬಿಲ್ಲೆ ಬಹುಮಟ್ಟಿಗೆ ಹುಡುಗಿಯರ ಆಟ. ಆದರೆ ಹುಡುಗಿಯರು ತಮ್ಮ ಬೆಳವಣಿಗೆಯನ್ನು ತಾವೇ ಬರೆದುಕೊಂಡ ಕವಿತೆಗಳು ಹೆಚ್ಚಿದ್ದು 1980ರ ದಶಕದಲ್ಲಿ. ಪ್ರತಿಭಾ ನಂದಕುಮಾರ್ ಅವರ ‘ನಾವು ಹುಡುಗಿಯರೇ ಹೀಗೆ’ ಹದಿಹರೆಯದ ಹೇಳದೆ ಉಳಿದ ಮಾತುಗಳನ್ನು ಬೀದಿಗೆ ತಂದಿತು. ಇತ್ತ ಮಕ್ಕಳ ಹಾಡಿಗೆ ಹೊಸ ನಡಿಗೆ ಕೊಟ್ಟವರಲ್ಲಿ ಎಚ್. ಎಸ್. ವೆಂಕಟೇಶಮೂರ್ತಿ ಮುಖ್ಯರು; ಟಿ. ಎಸ್. ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಚಿತ್ರಕ್ಕೆ ಅವರು ಬರೆದ ಗೀತೆಗಳು ಶಾಲಾ ವಾರ್ಷಿಕೋತ್ಸವಗಳಿಗೆ ಇಂದಿಗೂ ಬೇಕು.

ದಲಿತ ಬಾಲ್ಯದ ಹಾದಿ ಬೇರೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಮೆರವಣಿಗೆಯ ಕಾವ್ಯ. ಅಲ್ಲಿ ‘ನಾನು’ ಎಂಬ ಹುಡುಗನಿಗಿಂತ ‘ನಾವು’ ಎಂಬ ಜನ ದೊಡ್ಡದು. ಆ ಹುಡುಗನನ್ನು ಕಾಣಲು ಅವರ ಗದ್ಯದ ಆತ್ಮಕಥೆ ‘ಊರು ಕೇರಿ’ಗೇ ಬರಬೇಕು. ಕೇರಿಯ ಬಡತನ, ಅಪ್ಪ ಅಮ್ಮನ ದುಡಿಮೆ, ಹಾಸ್ಟೆಲಿನ ದಿನಗಳು ಅಲ್ಲಿ ನಗೆಯ ಜೊತೆಗೇ ಬರುತ್ತವೆ. ಅರವಿಂದ ಮಾಲಗತ್ತಿಯವರೂ ಕವಿಯೇ. ಶಾಲೆಯ ಹಾಗೂ ಊರಿನ ಅವಮಾನಗಳನ್ನು ಹೇಳಲು ಅವರು ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಗದ್ಯವನ್ನೇ ಹಿಡಿದರು.