ಮದ್ದಿಗೆ ತಕ್ಕ ಕಿಡಿ

ರಿಂಗಾಸ್ಕಿಡಿ ಎಂಬ ಹೆಸರಿನ ಕೊನೆಯಲ್ಲಿ ಕನ್ನಡದ ಕಿವಿಗೆ ‘ಕಿಡಿ’ ಕೇಳಿಸುತ್ತದೆ. ಐರಿಷ್ ಭಾಷೆಯಲ್ಲಿ ಅದರ ಅರ್ಥ ಬೇರೆ: ಸ್ಕಿಡಿ ಮನೆತನದವರ ಭೂಶಿರ. ಆದರೂ ಈ ಊರಿಗೂ ಕಿಡಿಗೂ ಹಳೆಯ ನಂಟೊಂದಿದೆ. ಅದು ಕಿಡಿಯನ್ನು ದೂರವಿರಿಸಿದ ನಂಟು. ಇಲ್ಲಿಂದ ಹಾಲ್‌ಬೋಲಿನ್ ನೌಕಾನೆಲೆಗೆ ಹೋಗುವ ಸೇತುವೆಯ ದಾರಿಯಲ್ಲಿ ರಾಕಿ ಐಲೆಂಡ್ ಎಂಬ ಪುಟ್ಟ ಬಂಡೆದ್ವೀಪವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, ಬ್ರಿಟಿಷರು ಅಲ್ಲಿ ಮದ್ದಿನ ಮನೆಯನ್ನು ಕಟ್ಟಿದರು. ಜನವಸತಿಯಿಂದ ದೂರ, ಸುತ್ತಲೂ ನೀರು: ಮದ್ದನ್ನು ಕಾಯಲು ಇದಕ್ಕಿಂತ ತಕ್ಕ ಜಾಗ ಬೇರೆಯಿರಲಿಲ್ಲ.

ಮದ್ದು ತಯಾರಾಗುತ್ತಿದ್ದುದು ಕಾರ್ಕ್ ನಗರದ ಪಶ್ಚಿಮಕ್ಕಿರುವ ಬ್ಯಾಲಿನ್‌ಕಾಲಿಗ್‌ನಲ್ಲಿ. 1794ರಲ್ಲಿ ಚಾರ್ಲ್ಸ್ ಹೆನ್ರಿ ಲೆಸ್ಲಿ ಲೀ ನದಿಯ ದಡದಲ್ಲಿ ಆರಂಭಿಸಿದ ಗಿರಣಿಯನ್ನು 1805ರಲ್ಲಿ ಬ್ರಿಟಿಷ್ ಸರಕಾರವೇ ಕೊಂಡು ವಿಸ್ತರಿಸಿತು. ನದಿಯ ನೀರಿನ ಬಲದಿಂದ ಭಾರಿ ಕಲ್ಲುಗಳು ಉರುಳಿ ಮೂರು ವಸ್ತುಗಳನ್ನು ಅರೆದು ಬೆರೆಸುತ್ತಿದ್ದವು: ನೂರರಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಆ ಪೆಟ್ಲುಪ್ಪು ಬರುತ್ತಿದ್ದುದು ನಮ್ಮ ಭಾರತದಿಂದಲೇ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳನ್ನು ಕಂಡವರಿಗೆ ಬ್ಯಾಲಿನ್‌ಕಾಲಿಗ್‌ನ ಉದ್ಯಾನದಲ್ಲಿ ಉಳಿದಿರುವ ಗಿರಣಿಯ ಅವಶೇಷಗಳು ಅಪರಿಚಿತವೆನಿಸಲಾರವು.

ಈ ಕರಿಮದ್ದಿನ ಗುಣವೇ ಅದರ ದೋಷವೂ ಹೌದು. ಅದಕ್ಕೆ ಒಂದು ಸಣ್ಣ ಕಿಡಿ ಸಾಕು. ಚಕಮಕಿ ಕಲ್ಲಿನ ಕಿಡಿಯೂ ಅದನ್ನು ಹೊತ್ತಿಸುತ್ತದೆ. ಆದರೆ ಚಕಮಕಿ ಕೋವಿಯಲ್ಲಿ ಮಳೆಗೆ ಮದ್ದು ನೆನೆಯುತ್ತಿತ್ತು. ಈಡು ಹಾರುವ ಮೊದಲೇ ಹೊರಗೆ ಮಿಂಚಿದ ಬೆಳಕಿಗೆ ಹಕ್ಕಿ ಬೆದರಿ ಹಾರಿಹೋಗುತ್ತಿತ್ತು. ಸ್ಕಾಟ್ಲೆಂಡಿನ ಬೇಟೆಪ್ರಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಇದಕ್ಕೆ ಪರಿಹಾರ ಹುಡುಕಿದರು. ಬಡಿತಕ್ಕೇ ಸಿಡಿಯುವ ರಾಸಾಯನಿಕದಿಂದ ಕಿಡಿ ಹುಟ್ಟಿಸುವ ವಿಧಾನಕ್ಕೆ 1807ರಲ್ಲಿ ಹಕ್ಕುಸ್ವಾಮ್ಯ ಪಡೆದರು. ಮುಂದೆ ಆ ರಾಸಾಯನಿಕ ಪುಟ್ಟ ತಾಮ್ರದ ಟೋಪಿಯೊಳಗೆ ಸೇರಿತು. ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿ ಇಂದಿಗೂ ‘ಕೇಪಿನ ಕೋವಿ’ ಎನ್ನುವಾಗ ನಾವು ನೆನೆಯುವ ಕೇಪು ಇದೇ.

1866ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡಾನ್ ಅವರ ಎರಡು ಬಗೆಯ ಕೇಪುಗಳು ಬಂದವು. ಕೇಪು ತೋಟೆಯ ತಳವನ್ನೇ ಸೇರಿತು. ಬಾಕ್ಸರ್ ಬಗೆಯಲ್ಲಿ ತೋಟೆಯ ತಳದ ನಡುವೆ ಒಂದೇ ರಂಧ್ರವಿರುವುದರಿಂದ ಸುಟ್ಟ ಕೇಪನ್ನು ಒಳಗಿನಿಂದ ತಳ್ಳಿ ತೆಗೆದು ಹೊಸದನ್ನು ಕೂರಿಸುವುದು ಸುಲಭ. ಖಾಲಿ ತೋಟೆಯನ್ನು ಕೈಯಿಂದಲೇ ಮತ್ತೆ ತುಂಬುವ ಹವ್ಯಾಸ ಬೆಳೆದುದು ಈ ಸೌಕರ್ಯದಿಂದ. ಇಂಗ್ಲೆಂಡಿನವನ ವಿಧಾನ ಅಮೆರಿಕದಲ್ಲಿಯೂ ಅಮೆರಿಕದವನ ವಿಧಾನ ಯೂರೋಪಿನಲ್ಲಿಯೂ ಹೆಚ್ಚು ಬಳಕೆಗೆ ಬಂದುದು ಚರಿತ್ರೆಯ ವಿನೋದ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಬಳಿಕ ಲೆಕ್ಕ ಬದಲಾಯಿತು. ಈ ಮದ್ದು ಕರಿಮದ್ದಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ತೋಟೆ ದೊಡ್ಡದಾಗಿ, ಮದ್ದು ನಿಧಾನವಾಗಿ ಉರಿಯುವಂಥದಾದರೆ ಕೇಪಿನ ಜ್ವಾಲೆಯೂ ಹೆಚ್ಚು ಬಿಸಿಯಾಗಿ, ಹೆಚ್ಚು ಹೊತ್ತು ನಿಲ್ಲಬೇಕು. ಇಪ್ಪತ್ತನೆಯ ಶತಮಾನದಲ್ಲಿ ಭಾರಿ ತೋಟೆಗಳೊಡನೆ ‘ಮ್ಯಾಗ್ನಂ’ ಕೇಪು ಬಂದುದು ಈ ಅಗತ್ಯಕ್ಕಾಗಿ. ಕೊರೆಯುವ ಚಳಿಯಲ್ಲಿಯೂ, ಗುಂಡುಗುಂಡಾದ ಕಾಳಿನ ಮದ್ದಿಗೂ ಅದು ಒದಗುತ್ತದೆ. ಮಿಕ್ಕ ಕಡೆ ಸಾಮಾನ್ಯ ಕೇಪೇ ಸಾಕು.

ಹಾಗಾದರೆ ಎಲ್ಲಕ್ಕೂ ಬಲವಾದುದನ್ನೇ ಹಾಕಬಾರದೇಕೆ? ಉತ್ತರ ಸರಳ. ಕಿಡಿ ದುರ್ಬಲವಾದರೆ ಈಡು ತಡವಾಗಿ ಸಿಡಿಯಬಹುದು, ಸಿಡಿಯದೆಯೂ ಇರಬಹುದು. ಕಿಡಿ ಅತಿಯಾದರೆ ನಳಿಗೆಯೊಳಗಿನ ಒತ್ತಡ ಮಿತಿಮೀರಬಹುದು. ಕೋವಿಯೂ ಕೈಯೂ ಅಪಾಯಕ್ಕೀಡಾಗುತ್ತವೆ. ಆದ್ದರಿಂದಲೇ ಅನುಭವಿಗಳು ತಯಾರಕರ ಕೋಷ್ಟಕದಲ್ಲಿ ಹೇಳಿದ ಕೇಪನ್ನು ಬಿಟ್ಟು ಬೇರೆಯದನ್ನು ಬಳಸುವುದಿಲ್ಲ. ಬದಲಿಸಲೇಬೇಕಾದರೆ ಮದ್ದಿನ ಪ್ರಮಾಣವನ್ನು ತಗ್ಗಿಸಿ ಮೊದಲಿನಿಂದ ಆರಂಭಿಸುತ್ತಾರೆ. ಇದು ಪರವಾನಗಿಯುಳ್ಳವರ ವಿದ್ಯೆ. ಐರ್ಲೆಂಡಿನಲ್ಲಿ ಗಾರ್ಡಾ ಪೊಲೀಸರ ಪ್ರಮಾಣಪತ್ರವಿಲ್ಲದೆ ಕೋವಿಯನ್ನು ಇರಿಸಿಕೊಳ್ಳುವಂತಿಲ್ಲವೆಂಬುದನ್ನು ನಮ್ಮ ಮಕ್ಕಳಿಗೂ ತಿಳಿಸೋಣ.

ಊರಿನಲ್ಲಿ ಕೊಡವರಿಗೆ ಮಾತ್ರ ಬೇರೆಯೇ ಮನ್ನಣೆಯಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು, 2019ರ ಆದೇಶದಂತೆ 2029ರವರೆಗೂ ಇದೆ. ಅಲ್ಲಿ ಕೋವಿಯೆಂದರೆ ಬೇಟೆಯ ಸಾಧನವಷ್ಟೇ ಅಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಹುತ್ತರಿಯಂದು ಕದಿರು ಕೊಯ್ಯುವಾಗ ಗುಂಡು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬೆಟ್ಟಗಳಾಚೆಯ ಐನ್‌ಮನೆಗೆ ಸುದ್ದಿ ತಲುಪುತ್ತಿದ್ದುದು ಆ ಸದ್ದಿನಿಂದ. ಕೇಪು ತಪ್ಪಿದರೆ ಸುದ್ದಿಯೇ ತಪ್ಪೀತು.

ಇಲ್ಲಿ ನಮಗೆ ಆ ಸದ್ದು ಇಲ್ಲ. ಆದರೆ ರಾಕಿ ಐಲೆಂಡಿನ ಅದೇ ಮದ್ದಿನ ಮನೆ 2007ರಿಂದ ದಹನಾಗಾರವಾಗಿದೆ. ಡಬ್ಲಿನ್‌ನ ಹೊರಗೆ ಈ ಗಣರಾಜ್ಯದಲ್ಲಿ ತೆರೆದ ಮೊದಲನೆಯದು ಅದು. ಕಾರ್ಕ್ ಸುತ್ತಮುತ್ತ ಅಗ್ನಿಸಂಸ್ಕಾರವನ್ನು ಬಯಸುವ ಕುಟುಂಬಗಳು ಬಹುದೂರ ಹೋಗಬೇಕಾಗಿಲ್ಲ. ಒಂದು ಕಿಡಿಯೂ ಸುಳಿಯಬಾರದೆಂದು ಬಂಡೆಯನ್ನು ಕೊರೆದು ಕಟ್ಟಿದ ಕಟ್ಟಡದೊಳಗೆ ಇಂದು ಅಗ್ನಿಯೇ ಕೊನೆಯ ಸೇವೆಯನ್ನು ಸಲ್ಲಿಸುತ್ತಿದೆ.

ಮದ್ದಿಗೆ ತಕ್ಕ ಕಿಡಿ, ಕಿಡಿಗೆ ತಕ್ಕ ಎಚ್ಚರ: ಇದನ್ನು ಮರೆಯದವರು ಬೆಂಕಿಯನ್ನು ಅಂಜದೆ, ಅಲಕ್ಷಿಸದೆ ಬಾಳಿದರು. ಮುಂದಿನ ಸಲ ಹಾಲ್‌ಬೋಲಿನ್ ಕಡೆಗೆ ಸೇತುವೆ ದಾಟುವಾಗ ನಾವು ಆ ಬಂಡೆದ್ವೀಪದ ಕಡೆಗೊಮ್ಮೆ ನೋಡಿ, ಮಕ್ಕಳಿಗೆ ಈ ಕಥೆಯನ್ನು ಹೇಳೋಣ.